ದಂಡ ಕಟ್ಟಿ ಕೈತೊಳೆದುಕೊಳ್ಳಬೇಡ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು.

ನಿನ್ನ ಅಮ್ಮ ನಿನ್ನೆ ರಾತ್ರಿ ಫೋನ್ ಮಾಡಿ ಅತ್ತಳು. ಆ ಹೊಡೆದಾಟದ ಕೇಸಿನಲ್ಲಿ ಬರುವ ವಾಯಿದೆಗೆ ನೀನು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದುಬಿಡುತ್ತೀಯಂತೆ. ಒಂದೇ ದಿನದಲ್ಲಿ ಮುಗಿಯುತ್ತದೆ, ಆಮೇಲೆ ಕೆಲಸದ ಕಡೆ ನೋಡಿಕೊಳ್ಳುತ್ತೇನೆ ಎಂದೆಯಂತೆ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ "ಆಯಿತು ಮಾವ" ಎನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು, ಆಮೇಲೆ ವಕೀಲರ ಬಳಿ ಹೋಗು.

ನಾನು ಶಿರಸ್ತೇದಾರನಾಗುವ ಮೊದಲು ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದವನು. ನಿನ್ನ ವಯಸ್ಸಿನ ಒಬ್ಬ ಹುಡುಗ ನಿನ್ನಂಥದ್ದೇ ಹೊಡೆದಾಟದ ಕೇಸಿನಲ್ಲಿ ಕಟಕಟೆಗೆ ಬಂದಿದ್ದ. ಆರೋಪ ಓದಿ ಹೇಳಿ, ಒಪ್ಪುತ್ತೀಯಾ ಎಂದು ಕೇಳಿದರು. "ಒಪ್ಪುತ್ತೇನೆ ಸ್ವಾಮಿ" ಎಂದ. ದಂಡ ಕಟ್ಟಿದ, ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡ, ಗೆಳೆಯರ ಹೆಗಲ ಮೇಲೆ ಕೈಹಾಕಿಕೊಂಡು ಚಹಾಕ್ಕೆ ಹೋದ. ಕೆಲವು ವರ್ಷಗಳ ನಂತರ ಅದೇ ಹುಡುಗ ತೀರ್ಪಿನ ದೃಢೀಕೃತ ನಕಲು ಕೇಳಿಕೊಂಡು ನನ್ನ ಮೇಜಿನ ಮುಂದೆ ನಿಂತ. ಸರ್ಕಾರಿ ಕೆಲಸಕ್ಕೆ ಆಯ್ಕೆಯಾಗಿದ್ದ. "ಯಾವುದಾದರೂ ನ್ಯಾಯಾಲಯದಿಂದ ಶಿಕ್ಷೆಯಾಗಿದೆಯೇ" ಎಂಬ ಕಾಲಮ್ಮಿನಲ್ಲಿ "ಇಲ್ಲ" ಎಂದು ಬರೆದಿದ್ದ. ಪೊಲೀಸ್ ಪರಿಶೀಲನೆಯಲ್ಲಿ ಹಳೆಯ ಕೇಸು ಹೊರಬಿದ್ದು, ನೇಮಕಾತಿ ಏಕೆ ರದ್ದು ಮಾಡಬಾರದು ಎಂದು ನೋಟಿಸು ಬಂದಿತ್ತು. ಅವನು ಕೇಳಿದ್ದು ಒಂದೇ ಮಾತು: "ಸಾರ್, ದಂಡ ಕಟ್ಟಿದ್ದನ್ನೂ ಶಿಕ್ಷೆ ಎನ್ನುತ್ತಾರೆಯೇ?"

ಎನ್ನುತ್ತಾರೆ. ಜೈಲಿಗೆ ಹೋದರೆ ಮಾತ್ರ ಶಿಕ್ಷೆ ಎಂದು ನಮ್ಮ ಜನ ತಿಳಿದಿದ್ದಾರೆ. ಕಾನೂನಿನಲ್ಲಿ ತಪ್ಪೊಪ್ಪಿಕೊಂಡು ನೂರು ರೂಪಾಯಿ ದಂಡ ಕಟ್ಟಿದರೂ ನೀನು ಅಪರಾಧಿ ಎಂದು ತೀರ್ಮಾನವಾದಂತೆಯೇ. ಅವನ ಪ್ರಶ್ನೆಗೆ ಉತ್ತರ ಹೇಳುವಾಗ ನನ್ನ ಬಾಯಿ ಒಣಗಿತ್ತು. ಆ ಆದೇಶ ಬರೆದ ದಿನ ಅವನಿಗೆ ಒಂದು ಮಾತು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ನಿನಗೆ ನಾನಿದ್ದೇನೆ.

ನಿನ್ನ ಮೇಲಿರುವ ಕಲಂಗಳನ್ನು ನೋಡಿದೆ. ಭಾರತೀಯ ನ್ಯಾಯ ಸಂಹಿತೆಯ 115(2), 352, 351(2). ಹೊಡೆದದ್ದು, ಅವಮಾನಿಸಿದ್ದು, ಬೆದರಿಕೆ ಹಾಕಿದ್ದು. 2024ರ ಜುಲೈ 1ಕ್ಕೆ ಮುಂಚೆ ಇವೇ ಹಳೆಯ ಭಾರತೀಯ ದಂಡ ಸಂಹಿತೆಯ 323, 504, 506 ಆಗಿದ್ದವು. ಊರ ಜಗಳದ ಕೇಸುಗಳಲ್ಲಿ ಈ ಮೂರು ಸಂಖ್ಯೆಗಳನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಈ ಮೂರೂ ರಾಜಿಯಾಗಬಲ್ಲ ಅಪರಾಧಗಳು. ನಾಗರಿಕ ಸುರಕ್ಷಾ ಸಂಹಿತೆಯ 359ನೇ ಕಲಮಿನಂತೆ ಪೆಟ್ಟು ತಿಂದವನೇ ಕೋರ್ಟಿನ ಮುಂದೆ ಬಂದು ರಾಜಿಯಾಗಿದ್ದೇನೆ ಎಂದರೆ, ಅದರ ಪರಿಣಾಮ ಖುಲಾಸೆ. ದಂಡದ ರಸೀದಿಗೂ ರಾಜಿಯ ಆದೇಶಕ್ಕೂ ಇರುವ ಅಂತರ ಇದು. ಎರಡರಲ್ಲೂ ಕೇಸು ಮುಗಿಯುತ್ತದೆ. ಒಂದರಲ್ಲಿ ನೀನು ಅಪರಾಧಿಯಾಗಿ ಹೊರಗೆ ಬರುತ್ತೀಯ, ಇನ್ನೊಂದರಲ್ಲಿ ಅಲ್ಲ.

ಹೊಡೆದದ್ದು ನಿಜ, ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆಯಲ್ಲವೇ ಎಂದು ನೀನು ಕೇಳಬಹುದು. ನೀನು ಕಟ್ಟುವ ದಂಡ ಖಜಾನೆಗೆ ಹೋಗುತ್ತದೆ. ಕೋರ್ಟು ಅದರಲ್ಲಿ ಪರಿಹಾರ ಕೊಡಿಸದ ಹೊರತು, ತುಟಿಗೆ ಹೊಲಿಗೆ ಹಾಕಿಸಿಕೊಂಡ ಆ ಹುಡುಗನಿಗೆ ಅದರಿಂದ ಏನೂ ಸಿಗುವುದಿಲ್ಲ. ಅವನ ಮನೆಯ ಬಾಗಿಲಿಗೆ ಹೋಗಿ, ಅವನ ತಂದೆಯ ಎದುರು ತಲೆತಗ್ಗಿಸಿ ಕ್ಷಮೆ ಕೇಳುವುದು ದಂಡ ಕಟ್ಟುವುದಕ್ಕಿಂತ ಕಷ್ಟದ ಕೆಲಸ. ಅದನ್ನು ಮಾಡು. ಆದರೆ ಒಬ್ಬನೇ ಹೋಗಬೇಡ, ಗೆಳೆಯರ ಗುಂಪು ಕಟ್ಟಿಕೊಂಡಂತೂ ಹೋಗಲೇಬೇಡ. ಒತ್ತಡ ಹಾಕಲು ಬಂದರು ಎಂದು ಇನ್ನೊಂದು ದೂರು ಬೀಳುತ್ತದೆ. ಎರಡೂ ಕಡೆಯ ವಕೀಲರಿಗೆ ತಿಳಿಸಿ, ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು ಹೋಗು. ಆಸ್ಪತ್ರೆಯ ಖರ್ಚನ್ನು ಅವರು ಕೇಳುವ ಮೊದಲೇ ಕೊಡು. ಅವರು ಒಪ್ಪಿದರೆ ಲೋಕ ಅದಾಲತ್‌ನಲ್ಲಿಯೂ ಮುಗಿಸಬಹುದು.

ಒಪ್ಪದಿದ್ದರೆ ವಿಚಾರಣೆ ನಡೆಯಲಿ, ಹೆದರಬೇಡ. ಕೊನೆಗೆ ತೀರ್ಪು ನಿನಗೆ ವಿರುದ್ಧವಾಗಿ ಬಂದರೂ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಇದೆ. ಹಿಂದೆ ಶಿಕ್ಷೆಯಾಗಿರದವನನ್ನು ಇಂಥ ಸಣ್ಣ ಅಪರಾಧಗಳಲ್ಲಿ ಎಚ್ಚರಿಕೆ ಕೊಟ್ಟೋ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡೋ ಬಿಡಬಹುದು. ಅದರ 12ನೇ ಕಲಮಿನಂತೆ ಶಿಕ್ಷೆಯ ಜೊತೆಗೆ ಅಂಟಿಕೊಂಡು ಬರುವ ಅನರ್ಹತೆ ನಿನಗೆ ತಗಲುವುದಿಲ್ಲ. ತೀರ್ಪು ಅಳಿಸಿಹೋಗುತ್ತದೆ ಎಂದಲ್ಲ, ಅರ್ಜಿಯಲ್ಲಿ ಕೇಳಿದರೆ ಆಗಲೂ ಬರೆಯಲೇಬೇಕು. ಆದರೂ ಈ ಕಾಯ್ದೆಯ ಲಾಭ ಕೊಡಿ ಎಂದು ವಕೀಲರು ಬಾಯಿಬಿಟ್ಟು ಕೇಳಬೇಕು. ಎಷ್ಟೋ ಕೇಸುಗಳಲ್ಲಿ ಕೇಳದೆ ಬಿಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ.

ಇನ್ನು ನಿನ್ನ ವೃತ್ತಿಯ ಮಾತು. ಡಿ.ಫಾರ್ಮ ಮುಗಿಸಿದ್ದೀಯ, ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. 1948ರ ಫಾರ್ಮಸಿ ಕಾಯ್ದೆಯ 36ನೇ ಕಲಂ ಓದಿಕೋ: ಯಾವುದಾದರೂ ಅಪರಾಧಕ್ಕೆ ಶಿಕ್ಷೆಯಾಗಿ, ಅದರಿಂದ ಈತ ರಿಜಿಸ್ಟರಿನಲ್ಲಿರಲು ತಕ್ಕವನಲ್ಲ ಎಂದು ಪರಿಷತ್ತಿನ ಕಾರ್ಯಕಾರಿ ಸಮಿತಿಗೆ ಅನ್ನಿಸಿದರೆ, ವಿಚಾರಣೆ ನಡೆಸಿ ಹೆಸರು ತೆಗೆಯಬಹುದು. ಒಂದು ಹೊಡೆದಾಟಕ್ಕೆ ಹೀಗೆ ಮಾಡಿಯೇ ಬಿಡುತ್ತಾರೆ ಎಂದು ನಿನ್ನನ್ನು ಹೆದರಿಸುತ್ತಿಲ್ಲ. ಔಷಧದ ಕಳ್ಳವ್ಯಾಪಾರ, ಮೋಸ, ನಕಲಿ ದಾಖಲೆ, ಇವೆಲ್ಲ ಬೇರೆ ತೂಕದವು; ಕಾನೂನಿನವರು ನೈತಿಕ ಅಧಃಪತನ ಎನ್ನುವುದು ಸಾಮಾನ್ಯವಾಗಿ ಅಂಥವನ್ನು. ಆದರೆ ಆ ತೀರ್ಮಾನವನ್ನು ಇನ್ನೊಬ್ಬರ ಕೈಗೆ ಏಕೆ ಕೊಡುತ್ತೀಯ?

ನಿನ್ನ ಜೊತೆ ಆರೋಪಿಯಾಗಿರುವ ಕಾನೂನು ಓದುವ ಗೆಳೆಯನಿಗೂ ಇದನ್ನು ತೋರಿಸು. 1961ರ ವಕೀಲರ ಕಾಯ್ದೆಯ 24ಎ ಪ್ರಕಾರ ನೈತಿಕ ಅಧಃಪತನದ ಅಪರಾಧಕ್ಕೆ ಶಿಕ್ಷೆಯಾದವನನ್ನು ವಕೀಲನಾಗಿ ನೋಂದಾಯಿಸಿಕೊಳ್ಳುವಂತಿಲ್ಲ. ಬಿಡುಗಡೆಯಾಗಿ ಎರಡು ವರ್ಷ ಕಳೆದ ಮೇಲೆ ಆ ಅಡ್ಡಿ ಹೋಗುತ್ತದೆ. ಪರಿವೀಕ್ಷಣಾ ಕಾಯ್ದೆಯಡಿ ಬಿಟ್ಟವನಿಗೆ ಆ ಅಡ್ಡಿಯೇ ಇಲ್ಲ. ಹದಿನೇಳು ವರ್ಷದ ಇನ್ನೊಬ್ಬನಿದ್ದನಲ್ಲ, ಅವನ ಅಮ್ಮನಿಗೆ ಇವತ್ತೇ ಹೋಗಿ ಧೈರ್ಯ ಹೇಳು. ಅವನ ವಿಷಯ ಬಾಲನ್ಯಾಯ ಮಂಡಳಿಯದು. 2015ರ ಕಾಯ್ದೆಯ 24ನೇ ಕಲಂ ಅವನಿಗೆ ಯಾವ ಅನರ್ಹತೆಯೂ ತಗಲದಂತೆ ಕಾಯುತ್ತದೆ.

ಅರ್ಜಿ ತುಂಬುವ ಮಾತಿಗೆ ಬರುತ್ತೇನೆ, ಏಕೆಂದರೆ ಜನ ಹೆಚ್ಚು ಮುಗ್ಗರಿಸುವುದು ಇಲ್ಲಿಯೇ. ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಇದನ್ನು ಬಿಡಿಸಿ ಹೇಳಿದೆ. ಶಿಕ್ಷೆಯಾಗಲಿ, ಬಂಧನವಾಗಲಿ, ಬಾಕಿ ಕೇಸಾಗಲಿ, ಕೇಳಿದ್ದಕ್ಕೆ ನಿಜವನ್ನೇ ಬರೆಯಬೇಕು. ಎಳೆ ವಯಸ್ಸಿನ ಕ್ಷುಲ್ಲಕ ಕೇಸನ್ನು ಮುಚ್ಚಿಟ್ಟಿದ್ದರೂ ನೇಮಕ ಮಾಡುವವರು ಮನ್ನಿಸಬಹುದು, ಆದರೆ ಅದು ಅವರ ವಿವೇಚನೆ. ನಿಜ ಬರೆದ ಮಾತ್ರಕ್ಕೆ ಕೆಲಸ ಕೊಡಲೇಬೇಕು ಎಂದೂ ಇಲ್ಲ. ಇನ್ನೊಂದು ಮಾತನ್ನೂ ಆ ತೀರ್ಪು ಹೇಳಿದೆ: ಸ್ಪಷ್ಟವಾಗಿ ಕೇಳದೇ ಇದ್ದದ್ದನ್ನು ಹೇಳಲಿಲ್ಲ ಎಂದು ಮುಚ್ಚಿಟ್ಟ ಆರೋಪ ಹೊರಿಸುವಂತಿಲ್ಲ. ಆದ್ದರಿಂದ ಪ್ರಶ್ನೆಯನ್ನು ಪದಪದವಾಗಿ ಓದು. "ಶಿಕ್ಷೆಯಾಗಿದೆಯೇ" ಎಂಬುದು ಒಂದು ಪ್ರಶ್ನೆ. "ಕೇಸು ಬಾಕಿ ಇದೆಯೇ" ಎಂಬುದು ಬೇರೆ. "ಎಂದಾದರೂ ಮೊಕದ್ದಮೆ ಹೂಡಲಾಗಿತ್ತೇ" ಎಂದು ಕೇಳಿದರೆ ಖುಲಾಸೆಯಾದ ಕೇಸನ್ನೂ ಬರೆಯಬೇಕು. ರಾಜಿಯಾಗಿದೆ, ಹಾಗಾಗಿ "ಇಲ್ಲ" ಎಂದು ಬರೆದು ಸಿಕ್ಕಿಬೀಳಬೇಡ.

ಖಾಸಗಿ ಕಂಪನಿಯಾದರೆ ಯಾರು ನೋಡುತ್ತಾರೆ ಎಂಬ ಭ್ರಮೆಯೂ ಬೇಡ. ಇ-ಕೋರ್ಟ್ಸ್ ಜಾಲತಾಣದಲ್ಲಿ ಜಿಲ್ಲೆ ಆರಿಸಿ ಹೆಸರು, ಇಸವಿ ಹಾಕಿದರೆ ಕೇಸಿನ ಸಂಖ್ಯೆ, ಮುಂದಿನ ವಾಯಿದೆ ಎಲ್ಲವೂ ಬರುತ್ತವೆ. ನಿನ್ನದನ್ನು ನಾನೇ ನಿನ್ನೆ ರಾತ್ರಿ ಮೊಬೈಲಿನಲ್ಲಿ ತೆಗೆದು ನೋಡಿದೆ. ನನ್ನ ತಂಗಿಯ ಮಗನ ಹೆಸರು ಆರೋಪಿಯ ಸಾಲಿನಲ್ಲಿ ಕಂಡಾಗ ಕನ್ನಡಕ ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಎತ್ತಿ ಆಡಿಸಿದ ಮಗು ನೀನು.

ಕೇಸು ಮುಗಿದ ದಿನವೇ ಆದೇಶದ ದೃಢೀಕೃತ ನಕಲಿಗೆ ಅರ್ಜಿ ಹಾಕು, ಎರಡು ಪ್ರತಿ ತೆಗೆದುಕೋ. ಒಂದನ್ನು ಪೊಲೀಸ್ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆ. ಕೋರ್ಟಿನಲ್ಲಿ ಮುಗಿದ ಕೇಸು ಠಾಣೆಯ ದಾಖಲೆಯಲ್ಲಿ ಬಾಕಿ ಎಂದೇ ಉಳಿದು, ಪರಿಶೀಲನಾ ವರದಿಗೆ ಹಾಗೆಯೇ ಹೋಗುವುದುಂಟು.

ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ದೋಷಾರೋಪಣ ಪಟ್ಟಿಯ ನಕಲು, ಜಾಮೀನಿನ ಆದೇಶ, ಕೆಲಸದ ಅರ್ಜಿ ಮೂರನ್ನೂ ತೆಗೆದಿಡು. ವಕೀಲರನ್ನು ಸಂಜೆ ಒಟ್ಟಿಗೆ ಕಾಣೋಣ. ಆ ಹುಡುಗನ ಮನೆಗೆ ನಿನ್ನ ಜೊತೆ ಬರುವ ಹಿರಿಯನೂ ನಾನೇ. ಅಲ್ಲಿಯವರೆಗೆ ಅರ್ಜಿಯ ಆ ಕಾಲಮ್ಮಿನಲ್ಲಿ ಏನನ್ನೂ ಬರೆಯಬೇಡ. ಅಮ್ಮನಿಗೆ ಊಟ ಮಾಡಲು ಹೇಳು.

ನಿನ್ನ ಪ್ರೀತಿಯ ಮಾವ