ಮಳೆಗಾಲದ ಮುಂಚಿನ ರಿಪೇರಿ: ಈ ವರ್ಷದಿಂದ ಸ್ವಲ್ಪ ಬದಲಾವಣೆ

ಸಂಘದ ಸದಸ್ಯರಿಗೂ ಗ್ರಾಹಕರಿಗೂ ನಮಸ್ಕಾರ.

ಮೇ 15ರಿಂದ ಜುಲೈ ಕೊನೆಯವರೆಗೆ ನಮ್ಮ ರಿಪೇರಿ ಶೆಡ್ಡಿನಲ್ಲಿ ಹುಲ್ಲು ಕತ್ತರಿಸುವ ಬ್ರಷ್ ಕಟರ್, ಔಷಧಿ ಹೊಡೆಯುವ ಸ್ಪ್ರೇಯರ್‌ಗಳಿಗೆ ‘ಸುಮ್ನೆ ಒಂದ್ಸಲ ಸರ್ವಿಸ್ ಮಾಡಿಕೊಡಿ’ ಅನ್ನುವ ಕೆಲಸ ಇನ್ನು ತೆಗೆದುಕೊಳ್ಳುವುದಿಲ್ಲ. ಕಾರ್ಬೊರೇಟರ್ ಕ್ಲೀನಿಂಗ್, ಪ್ಲಗ್, ಫಿಲ್ಟರ್ ಕೆಲಸವನ್ನೆಲ್ಲ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮಾಡಿಸಿಕೊಳ್ಳಿ. ಆಗ ಮಜೂರಿಯೂ ಅರ್ಧ.

ಕಾರಣ ನಿಮಗೂ ಗೊತ್ತಿರುವುದೇ. ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಹೊತ್ತಿಗೆ ಸ್ಪ್ರೇಯರ್ ಕೈಕೊಟ್ಟವರು ಇಲ್ಲಿ ಬಂದು ಕಾಯುತ್ತಾರೆ. ಅವರ ಮುಂದೆ ಬ್ರಷ್ ಕಟರ್‌ಗಳ ಸಾಲು. ಬಿಚ್ಚಿ ನೋಡಿದರೆ ಅವುಗಳಲ್ಲಿ ಬಹಳಷ್ಟಕ್ಕೆ ಏನೂ ಆಗಿರುವುದಿಲ್ಲ, ಹೋದ ವರ್ಷದ ಪೆಟ್ರೋಲ್ ಟ್ಯಾಂಕಿನಲ್ಲೇ ಉಳಿದಿರುತ್ತದೆ ಅಷ್ಟೆ. ಮಳೆ ಹಿಡಿಯುವ ಮುಂಚೆ ಈ ಔಷಧಿ, ಅಂದರೆ ಬೋರ್ಡೋ ದ್ರಾವಣ, ಗೊನೆಗೆ ಬೀಳದಿದ್ದರೆ ಆಮೇಲೆ ಎಷ್ಟು ಹೊಡೆದರೇನು?

ಈ ಹಳೆ ಪೆಟ್ರೋಲಿನ ಸಮಾಚಾರ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ ಶೇಕಡಾ 20ರವರೆಗೆ ಎಥನಾಲ್ ಬೆರೆಸಿರುತ್ತಾರೆ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನಮ್ಮ ಕಡೆ ತೇವಕ್ಕೇನು ಬರವೇ? ನೀರು ಜಾಸ್ತಿಯಾದಾಗ ಎಥನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಟ್ಯಾಂಕಿನ ಫಿಲ್ಟರ್ ಇರುವುದೂ ತಳದಲ್ಲೇ. ಅನುಮಾನ ಇದ್ದರೆ ಒಂದು ಗಾಜಿನ ಬಾಟಲಿಗೆ ಸುರಿದು ಸ್ವಲ್ಪ ಹೊತ್ತು ಬಿಡಿ. ಕೆಳಗೆ ಬೇರೆ ಪದರ ಕಂಡರೆ ಆ ಪೆಟ್ರೋಲನ್ನು ಇಂಜಿನ್‌ಗೆ ಹಾಕಲೇಬೇಡಿ. ಇದನ್ನು ಅಂಗಳದಲ್ಲಿ ಮಾಡಿ, ಒಲೆ, ಬೀಡಿ ಹತ್ತಿರ ಇರಬಾರದು.

ಪೆಟ್ರೋಲ್ ಸರಿಯಿದ್ದೂ ಸ್ಟಾರ್ಟ್ ಆಗದಿದ್ದರೆ ಪ್ಲಗ್ ಬಿಚ್ಚಿ. ಇಂಜಿನ್ ತಣ್ಣಗಿರಲಿ. ತುದಿ ತಿಳಿ ಕಂದು ಬಣ್ಣದಲ್ಲಿದ್ದರೆ ಇಂಜಿನ್ ಚೆನ್ನಾಗಿ ಉರಿಯುತ್ತಿದೆ ಅಂತ ಅರ್ಥ. ಕಪ್ಪಾಗಿ ಒದ್ದೆಯಾಗಿದ್ದರೆ ಚೋಕ್ ಹಾಕಿದ್ದು ಹಾಗೇ ಮರೆತಿದ್ದೀರಿ, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ, ಅಥವಾ ಆಯಿಲ್ ಜಾಸ್ತಿ ಬಿದ್ದಿದೆ. ಒರೆಸಿ, ಒಣಗಿಸಿ, ವಾಪಸ್ ಹಾಕಿ. ಪ್ಲಗ್ ತುದಿಯ ಗ್ಯಾಪ್ ಎಷ್ಟಿರಬೇಕು ಅಂತ ಮಿಷನ್ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ, ಹೆಚ್ಚಿನವಕ್ಕೆ 0.6ರಿಂದ 0.7 ಮಿ.ಮೀ. ಸ್ಪಂಜಿನ ಏರ್ ಫಿಲ್ಟರನ್ನು ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಪೇಪರ್ ಫಿಲ್ಟರ್ ತೊಳೆಯಬೇಡಿ, ಕೊಡವಿ, ಹೋಗದಿದ್ದರೆ ಬದಲಿಸಿ.

ಆಯಿಲ್ ವಿಷಯದಲ್ಲಿ ಮಾತ್ರ ಅಂದಾಜು ಬೇಡ. ಟು-ಸ್ಟ್ರೋಕ್ ಮಿಷನ್‌ಗೆ 50:1 ಅಂತಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿ.ಲೀ. 2ಟಿ ಆಯಿಲ್. 25:1 ಅಂತಿದ್ದರೆ 40 ಮಿ.ಲೀ. ಬಾಟಲಿ ಮುಚ್ಚಳದಲ್ಲಿ ಅಳೆಯುವವರು ಒಮ್ಮೆ ಆ ಮುಚ್ಚಳದಲ್ಲಿ ಎಷ್ಟು ಹಿಡಿಯುತ್ತದೆ ಅಂತ ನೋಡಿಕೊಳ್ಳಿ! ಫೋರ್-ಸ್ಟ್ರೋಕ್ ಮಿಷನ್‌ನಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸುವುದೇ ಇಲ್ಲ, ಅದರ ಆಯಿಲ್ ಕೆಳಗೆ ಬೇರೆಯೇ ಇರುತ್ತದೆ. ಮನೆಯಲ್ಲಿ ಎರಡೂ ಥರದ ಮಿಷನ್ ಇದ್ದರೆ ಕ್ಯಾನಿನ ಮೇಲೆ ಬರೆದಿಡಿ. ಕೆಲಸದವರು ಗಡಿಬಿಡಿಯಲ್ಲಿ ಯಾವುದನ್ನು ಯಾವುದಕ್ಕೆ ಸುರಿಯುತ್ತಾರೋ ಹೇಳಲಾಗುವುದಿಲ್ಲ. ಟು-ಸ್ಟ್ರೋಕ್‌ಗೆ ಬರೀ ಪೆಟ್ರೋಲ್ ಹೋದರೆ ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಬಿಗಿದು ನಿಂತೇ ಹೋಗುತ್ತದೆ.

ಒಂದು ಕೆಲಸ ಮಾತ್ರ ಮನೆಯಲ್ಲಿ ಬೇಡ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುವ ಎಲ್, ಎಚ್ ಸ್ಕ್ರೂಗಳನ್ನು ಮುಟ್ಟಬೇಡಿ. ಸ್ಪೀಡ್ ಬರಲಿ ಅಂತ ಎಚ್ ಸ್ಕ್ರೂ ಬಿಗಿ ಮಾಡುವವರು ಇದ್ದಾರೆ. ಒಂದೆರಡು ದಿನ ಹುಲ್ಲು ಚೆನ್ನಾಗಿಯೇ ಕತ್ತರಿಸುತ್ತದೆ. ಆದರೆ ಪೆಟ್ರೋಲ್ ಕಡಿಮೆಯಾದಾಗ ಅದರ ಜೊತೆ ಹೋಗುವ ಆಯಿಲೂ ಕಡಿಮೆ. ಇಂಜಿನ್ ಕಾದು ಪಿಸ್ಟನ್ ಮೇಲೆ ಗೀರು ಬೀಳುತ್ತದೆ. ಆಮೇಲಿನ ಖರ್ಚು ಸರ್ವಿಸ್ ಖರ್ಚಲ್ಲ ಬಿಡಿ.

ಮಿಷನ್ ಒಳಗಿಡುವಾಗ ಟ್ಯಾಂಕ್ ಖಾಲಿ ಮಾಡಿ, ಸ್ಟಾರ್ಟ್ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ. ಇಷ್ಟು ಮಾಡಿದವರ ಮಿಷನ್ ಮೇ ತಿಂಗಳಲ್ಲಿ ಸಾಮಾನ್ಯವಾಗಿ ಇಲ್ಲಿಗೆ ಬರುವುದೇ ಇಲ್ಲ.

ಇದನ್ನೆಲ್ಲ ಕೈಯಲ್ಲಿ ಮಾಡಿ ತೋರಿಸಲು ಏಪ್ರಿಲ್ ತಿಂಗಳ ಪ್ರತಿ ಶನಿವಾರ ಮಧ್ಯಾಹ್ನ 3 ಗಂಟೆಗೆ ಗೋದಾಮಿನ ಜಗಲಿಯಲ್ಲಿ ನಮ್ಮ ಮೆಕ್ಯಾನಿಕ್ ಇರುತ್ತಾರೆ. ದುಡ್ಡು ಕೊಡಬೇಕಾಗಿಲ್ಲ. ನಿಮ್ಮ ಮಿಷನನ್ನೇ ತನ್ನಿ, ಪುಸ್ತಕವಿದ್ದರೆ ಅದನ್ನೂ. ಟ್ಯಾಂಕ್ ಖಾಲಿ ಮಾಡಿಯೇ ತನ್ನಿ, ಬಸ್ಸಿನಲ್ಲಿ ಬರುವವರಂತೂ ಖಂಡಿತ. ಪ್ಲಗ್, ಫಿಲ್ಟರ್, ಪೆಟ್ರೋಲ್ ಪೈಪ್ ಅಲ್ಲೇ ಕೌಂಟರಿನಲ್ಲಿ ಸಿಗುತ್ತವೆ.

ಇಂತಿ,
ರಿಪೇರಿ ವಿಭಾಗ