ಇಲ್ಲಿಯೂ ಒಬ್ಬ ಆಯಿ

ಶಿತಿಪಿಂಗ್, ತೈವಾನ್
ನವೆಂಬರ್ 14, ರಾತ್ರಿ

ಪ್ರೀತಿಯ ಆಯಿಗೆ ನಮಸ್ಕಾರಗಳು.

ಸೈಕಲ್ಲಿನಲ್ಲಿ ತೈವಾನ್ ದ್ವೀಪ ಸುತ್ತುವ ಸುದ್ದಿ ಹೇಳುವ ಮೊದಲು ಮೊಣಕಾಲಿನ ವಿಷಯ ಮುಗಿಸಿಬಿಡ್ತೇನೆ. ಕಳಿಸಿದ ಫೋಟೋದಲ್ಲಿ ಬ್ಯಾಂಡೇಜು ಕಾಣದಿರಲಿ ಅಂತ ಕಾಲು ಮರೆಮಾಡಿಯೇ ನಿಂತಿದ್ದೆ, ಆದರೂ ಅತ್ತಿಗೆಯ ಕಣ್ಣಿಗೆ ಬಿತ್ತು. ಬಿದ್ದದ್ದು ಹೌದು. ಆದರೆ ಓಡುವ ಸೈಕಲ್ಲಿನಿಂದಲ್ಲ, ನಿಂತ ಸೈಕಲ್ಲಿನಿಂದ! ನಮ್ಮ ಬೂಟಿನ ಅಡಿಗೆ ಪೆಡಲನ್ನು ಕಚ್ಚಿ ಹಿಡಿಯುವ ಒಂದು ಕೊಕ್ಕೆ ಇರ್ತದೆ. ನಿಲ್ಲಿಸುವ ಮೊದಲು ಹಿಮ್ಮಡಿ ಹೊರಗೆ ತಿರುಗಿಸಿ ಅದನ್ನು ಬಿಡಿಸಿಕೊಳ್ಳಬೇಕು. ಎಂಬತ್ತು ಕಿಲೋಮೀಟರ್ ತುಳಿದ ತಲೆಗೆ ಅದು ಮರೆತುಹೋಯ್ತು. ಬುಡ ಕಡಿದ ಅಡಿಕೆ ಮರದ ಹಾಗೆ ನಿಧಾನವಾಗಿ ವಾಲಿ ಮಲಗಿಬಿಟ್ಟೆ. ಅದೂ ಚಾಂಗ್‌ಬಿನ್ ಎಂಬ ಊರಿನ ಪೊಲೀಸ್ ಠಾಣೆಯ ಎದುರಿಗೆ.

ಹೆದರಬೇಡ. ಇಲ್ಲಿ ಠಾಣೆಗಳೆಂದರೆ ಸೈಕಲ್ಲಿನವರ ತಂಗುದಾಣ. ಗಾಳಿ ಹೊಡೆಯುವ ಪಂಪು, ಸ್ಪಾನರು, ಕುಡಿಯುವ ನೀರು ಎಲ್ಲ ಇಟ್ಟಿರ್ತಾರೆ. ನಾವು ನಿಂತದ್ದೇ ನೀರಿಗೆ. ಒಬ್ಬ ಹುಡುಗ ಪೊಲೀಸ್ ಓಡಿಬಂದು ಗಾಯ ತೊಳೆದು ಪಟ್ಟಿ ಕಟ್ಟಿದ. ನಗು ತಡೆಯಲಿಕ್ಕೆ ಅವನು ತುಟಿ ಕಚ್ಚಿಕೊಂಡದ್ದು ನನಗೆ ಕಾಣಿಸ್ತು.

ಹ್ಸಿಂಚುವಿನಿಂದ ಹೊರಟು ಇವತ್ತಿಗೆ ಏಳು ದಿನ. ದ್ವೀಪ ಸುತ್ತುವುದಕ್ಕೆ ಇಲ್ಲಿ 'ಹ್ವಾನ್‌ದಾವ್' ಅಂತಾರೆ, ನಮ್ಮಲ್ಲಿ ಪ್ರದಕ್ಷಿಣೆ ಅಂದ ಹಾಗೆ. 2015ರಲ್ಲಿ ಸರ್ಕಾರ ಇದಕ್ಕೆಂದೇ ಸುಮಾರು 960 ಕಿಲೋಮೀಟರಿನ ಸೈಕಲ್ ದಾರಿಯನ್ನು ಗುರುತಿಸಿ ಮುಗಿಸಿತು. ಆದರೆ ಇವರು ಸುತ್ತುವುದು ಅಪ್ರದಕ್ಷಿಣೆ! ವಾಹನಗಳೆಲ್ಲ ಬಲಬದಿಯಲ್ಲಿ ಓಡುವ ದೇಶ. ಹಾಗೆ ಸುತ್ತಿದರೆ ಮಾತ್ರ ಕಡಲು ನಮ್ಮ ಮಗ್ಗುಲಿಗೇ ಇರ್ತದೆ. ಕುಮಟೆಯಿಂದ ಅಂಕೋಲೆಗೆ ಹೋಗುವಾಗ ಕಡಲು ಎಡಕ್ಕೆ, ಘಟ್ಟ ಬಲಕ್ಕೆ. ಇಲ್ಲಿ ನಾನು ಹೋಗುವುದೂ ಉತ್ತರಕ್ಕೇ, ಕಡಲು ಮಾತ್ರ ಬಲಕ್ಕೆ. ಬೆಳಗ್ಗೆ ಆರಕ್ಕೆ ತೈದುಂಗ್ ಬಿಟ್ಟ ಸ್ವಲ್ಪ ಹೊತ್ತಿಗೆ ಸೂರ್ಯ ನೀರಿನಿಂದ ಎದ್ದು ಬಂದ. ಹುಟ್ಟಿದಾಗಿನಿಂದ ಅವನು ಕಡಲಿಗೆ ಇಳಿಯುವುದನ್ನೇ ನೋಡಿದವಳಿಗೆ ಒಂದು ಗಳಿಗೆ ದಿಕ್ಕೇ ತಪ್ಪಿದ ಹಾಗಾಯ್ತು.

ನಾವು ಹನ್ನೊಂದು ಜನ, ಹಿಂದೆ ಚೀಲ ಹೊರುವ ಒಂದು ವ್ಯಾನು. ಇವತ್ತಿನ ದಾರಿ ನೂರು ಕಿಲೋಮೀಟರಿಗೆ ತುಸು ಜಾಸ್ತಿ. ದೂರದ ಹೆದರಿಕೆ ನನಗಿರಲಿಲ್ಲ, ಗಾಳಿಯದ್ದಿತ್ತು. ನಮ್ಮಲ್ಲಿ ಹಿಂಗಾರು ಅನ್ನುವ ಈಶಾನ್ಯ ಮಾರುತ ಈಗ ಇಲ್ಲೂ ಬೀಸುವ ಕಾಲ. ಪಶ್ಚಿಮ ಕರಾವಳಿಯಲ್ಲಿ ಅದೇ ಗಾಳಿ ಬೆನ್ನಿಗೆ ಕೈ ಕೊಟ್ಟು ತಳ್ಳಿತ್ತು. ಇವತ್ತು ಎದುರಿಗೆ ಬಂದು ಸಾಲ ವಸೂಲಿ ಮಾಡ್ತು.

ಇಂಥ ಗಾಳಿಗೆ ಒಂದೇ ಉಪಾಯ, ಸಾಲುಗಟ್ಟಿ ಹೋಗುವುದು. ಸೈಕಲ್ ತುಳಿಯುವ ಶಕ್ತಿಯಲ್ಲಿ ಹೆಚ್ಚಿನದೆಲ್ಲ ಗಾಳಿ ಸೀಳುವುದಕ್ಕೇ ಹೋಗ್ತದೆ. ಮುಂದಿನವರ ಹಿಂದಿನ ಚಕ್ರಕ್ಕೆ ಒಂದು ಮಾರಿನೊಳಗೆ ನಮ್ಮ ಮುಂದಿನ ಚಕ್ರ ಇಟ್ಟುಕೊಂಡರೆ ಗಾಳಿಯ ಪೆಟ್ಟೆಲ್ಲ ಅವರಿಗೆ, ನಮಗೆ ಎಷ್ಟೋ ಸಲೀಸು. ಮುಂದಿನವರು ಹೊಂಡ ಕಂಡರೆ ಕೈ ಇಳಿಸಿ ಬೆರಳು ತೋರಿಸ್ತಾರೆ, ಆ ಬೆರಳು ಹನ್ನೊಂದನೆಯವರ ತನಕ ದಾಟಿ ಬರ್ತದೆ. ನಾಲ್ಕೈದು ನಿಮಿಷಕ್ಕೊಮ್ಮೆ ಮುಂದಿನವರು ಬದಲು. ನನ್ನ ಸರದಿ ಎರಡು ಸಲ ಬಂತು, ಎರಡೂ ಸಲ ಎರಡು ನಿಮಿಷಕ್ಕೇ ಉಸಿರು ನಿಂತಿತು. ಆಗ ನನ್ನನ್ನು ದಾಟಿ ಮುಂದೆ ಹೋಗಿ ಗಾಳಿಗೆ ಎದೆಯೊಡ್ಡಿದವಳು 'ಆಯಿ'.

ತಮಾಷೆಯಲ್ಲ. ಇಲ್ಲಿ ಅಮ್ಮನ ವಯಸ್ಸಿನ ಹೆಂಗಸರನ್ನು ಕರೆಯುವುದೇ ಹಾಗೆ. ನಮ್ಮ ಚಿಕ್ಕಮ್ಮ, ದೊಡ್ಡಮ್ಮ ಅಂದ ಹಾಗೆ. ಕೊನೆಯ ಅಕ್ಷರ ಚೂರು ಎಳೀತಾರೆ, ಅಷ್ಟೇ ವ್ಯತ್ಯಾಸ. ಈಕೆ ನನ್ನ ಸಹೋದ್ಯೋಗಿಯ ಅತ್ತೆ, ವಯಸ್ಸು 67, ನಿವೃತ್ತ ಶಾಲಾ ಶಿಕ್ಷಕಿ. ಗಿಡ್ಡ ದೇಹ, ನೇರಳೆ ಬಣ್ಣದ ಜಾಕೀಟು. ಇಡೀ ದಿನ ಆ ಜಾಕೀಟಿನ ಬೆನ್ನನ್ನೇ ನೋಡ್ತಾ ತುಳಿದಿದ್ದೇನೆ. ಎಡ ಹೆಗಲ ಹತ್ತಿರ ಬಿಚ್ಚಿದ ಹೊಲಿಗೆಗೆ ಬಿಳಿ ನೂಲು ಹಾಕಿ ತಾನೇ ಹೊಲಿದುಕೊಂಡಿದ್ದಾಳೆ, ನಿನ್ನ ಹಾಗೆಯೇ, ನೂಲಿನ ಬಣ್ಣ ನೋಡದೆ.

ಊರುಗಳಲ್ಲಿ ಜನ ನಮ್ಮನ್ನು ಕಂಡರೆ ಅಂಗಡಿಯೊಳಗಿಂದಲೇ 'ಜ್ಯಾಯೋ!' ಅಂತ ಕೂಗ್ತಾರೆ. 'ಎಣ್ಣೆ ಹಾಕು' ಅಂತ ಅದರ ಅರ್ಥ. ಹುರಿದುಂಬಿಸುವ ಮಾತು. ತಲೆನೋವಿಗೂ ಕಾಲುನೋವಿಗೂ ಕೊಬ್ಬರಿ ಎಣ್ಣೆಯನ್ನೇ ಹೇಳುವ ನೀನು ಇಲ್ಲಿದ್ದರೆ ಊರವರೆಲ್ಲ ನಿನ್ನ ಕಡೆಯೇ.

ದುಲಾನ್ ಹತ್ತಿರ ಒಂದು ಸಣ್ಣ ಕಾಲುವೆ ಇದೆ, ನೀರು ದಿಣ್ಣೆ ಹತ್ತುವ ಹಾಗೆ ಕಾಣ್ತದೆ. ಸುತ್ತಲಿನ ನೆಲದ ಓರೆಯಿಂದ ಆಗುವ ಕಣ್ಣಿನ ಮೋಸ. ಎಲ್ಲರೂ ಎಲೆ ಬಿಟ್ಟು ನೋಡಿ ಬೆರಗಾದರು. ನನಗೇನೂ ಆಶ್ಚರ್ಯ ಆಗಲಿಲ್ಲ. ಸಪಾಟಾಗಿ ಕಾಣುವ ರಸ್ತೆ ಏರು ಅಂತ ತೊಡೆಗಳು ಬೆಳಗಿನಿಂದ ಹೇಳ್ತಾನೇ ಇದ್ದವು.

ಅಪ್ಪಯ್ಯನಿಗೆ ಎರಡು ಸುದ್ದಿ. ಒಂದು, ದಾರಿಯಲ್ಲಿ ಅಡಿಕೆ ಮರಗಳು ಸಿಕ್ಕವು. ಇವರು ಅಡಿಕೆಯನ್ನು ಬೇಯಿಸುವುದಿಲ್ಲ, ಒಣಗಿಸುವುದಿಲ್ಲ. ಎಳೆಯ ಹಸಿರು ಕಾಯನ್ನು ಸಿಪ್ಪೆ ಸಮೇತ ಸುಣ್ಣ ಹಚ್ಚಿ ಬಾಯಿಗೆ ಹಾಕ್ತಾರೆ. ಇನ್ನೊಂದು, ಸಂಜೆ ಜಿಂಗ್‌ಪು ಹತ್ತಿರ ಕರ್ಕಾಟಕ ಸಂಕ್ರಾಂತಿ ವೃತ್ತ ದಾಟಿದೆ! ಅಲ್ಲೊಂದು ಎತ್ತರದ ಬಿಳಿ ಕಂಬ, ನಡುವೆ ಸೀಳು. ಪಶ್ಚಿಮದ ಜಿಯಾಯಿಯಲ್ಲಿ ಇದೇ ಗೆರೆಯನ್ನು ದಕ್ಷಿಣಕ್ಕೆ ದಾಟಿದ್ದೆ, ಇವತ್ತು ಉತ್ತರಕ್ಕೆ. ಆ ಗೆರೆ ಹಾಯುವ ಎಂಟು ರಾಜ್ಯಗಳನ್ನು ಗುಜರಾತದಿಂದ ಮಿಜೋರಾಂ ತನಕ ಅಲ್ಲೇ ನಿಂತು ಒಪ್ಪಿಸಿದೆ, ತ್ರಿಪುರವನ್ನೂ ಬಿಡಲಿಲ್ಲ ಅಂತ ಹೇಳು. ನಮ್ಮೂರಲ್ಲಿ ವರ್ಷಕ್ಕೆ ಎರಡು ದಿನ ಮಧ್ಯಾಹ್ನ ನೆರಳು ಕಾಲಡಿಗೆ ಸೇರ್ತದೆ. ಈ ಕಂಬದಿಂದ ಆಚೆಗೆ ಒಂದು ದಿನವೂ ಇಲ್ಲ.

ಊಟದ ಚಿಂತೆ ಮಾಡಬೇಡ. 'ಸು' ಅಂದರೆ ಸಸ್ಯಾಹಾರ, ಆ ಒಂದು ಶಬ್ದದಲ್ಲೇ ಏಳು ದಿನ ಕಳೆದಿದ್ದೇನೆ. ದಾರಿಬದಿಯ ಅಂಗಡಿಗಳಲ್ಲಿ ಬಿಸಿಬಿಸಿ ಸುಟ್ಟ ಗೆಣಸು ಸಿಗ್ತದೆ. ರಾತ್ರಿ ಎಲ್ಲರಿಗೂ ಮೀನು, ನನಗೆ ಅನ್ನ, ತೋಫು, ಬೆಳ್ಳುಳ್ಳಿ ಹಾಕಿ ಬಾಡಿಸಿದ ಗೆಣಸಿನ ಸೊಪ್ಪು. ಸೊಪ್ಪಿನಲ್ಲಿ ಸ್ವಲ್ಪ ಮರಳಿತ್ತು. ತಿಂದೆ.

ನಾಳೆ ಹ್ವಾಲಿಯೆನ್. ಅಲ್ಲಿಂದ ಮುಂದೆ ಬಂಡೆ ಉರುಳುವ ರಸ್ತೆ, ಹಾಗಾಗಿ ಸೈಕಲ್ ಸಮೇತ ರೈಲು ಹತ್ತುತ್ತೇವೆ. ಹಟ ಮಾಡುವವರು ಯಾರೂ ಇಲ್ಲ.

ಊಟದ ಹೊತ್ತಿಗೆ ಆ ಆಯಿಯನ್ನು ಕೇಳಿದೆ, ಚಿಕ್ಕಂದಿನಿಂದಲೂ ತುಳೀತಿದ್ದಿರಾ ಅಂತ. ಇಲ್ಲವಂತೆ. ಅಣ್ಣಂದಿರಿಗೆ ಮಾತ್ರ ಸೈಕಲ್ ಇತ್ತಂತೆ. ಜೈಂಟ್ ಕಂಪನಿ ಕಟ್ಟಿದ ಕಿಂಗ್ ಲಿಯು 2007ರಲ್ಲಿ, 73ನೆಯ ವಯಸ್ಸಿನಲ್ಲಿ, ದ್ವೀಪ ಸುತ್ತಿದ ಸುದ್ದಿ ಓದಿದಾಗ ಆಸೆ ಹುಟ್ಟಿತಂತೆ. ನಿವೃತ್ತಿಯಾದ ಮೇಲೆ, 58ಕ್ಕೆ, ಶಾಲೆ ಮೈದಾನದಲ್ಲಿ ಕಲಿತಳಂತೆ, ಮೊಮ್ಮಗ ಹಿಂದಿನಿಂದ ಸೀಟು ಹಿಡಿದು ಓಡ್ತಿದ್ದನಂತೆ.

ಅಣ್ಣ ಒಳಪೆಡಲು ಹೊಡೆದು ಕಲಿಯುವಾಗ ನೀನು ಜಗಲಿ ಕಟ್ಟೆಯಲ್ಲಿ ನಿಂತು ನೋಡ್ತಿದ್ದೆ, ನನಗೆ ನೆನಪಿದೆ. ನಾನು ಏಪ್ರಿಲ್‌ಗೆ ಬರ್ತೇನೆ. ಅಷ್ಟರಲ್ಲಿ ಅಂಗಳದಲ್ಲಿ ಅಡಿಕೆ ಒಣಗಿಸುವುದೂ ಮುಗಿದಿರ್ತದೆ. ಕೊಟ್ಟಿಗೆಯ ಅಟ್ಟದ ಮೇಲಿರುವ ನನ್ನ ಹಳೇ ಸೈಕಲ್ಲನ್ನು ಗುಜರಿಯವನಿಗೆ ಕೊಡಬೇಡ.

ಇಂತಿ ನಿನ್ನ ಮಗಳು