ಬ್ಯಾಗು ಯಾಕೆ ಖಾಲಿ ಅಂತ ಕೇಳಿದವರಿಗೂ, ಕೇಳದವರಿಗೂ

ಎಲ್ಲ ಪೋಷಕರಿಗೆ ನಮಸ್ಕಾರ.

ಮಳೆ ಸ್ವಲ್ಪ ಹೊಳವಾಗಿದೆ, ಕರೆಂಟೂ ಇದೆ. ಹಾಗಾಗಿ ಈ ಪತ್ರವನ್ನು ಇವತ್ತೇ ಬರೆದು ಮುಗಿಸುತ್ತೇನೆ. ಕಳೆದ ವಾರ ಸೊಸೈಟಿ ಹತ್ತಿರ ನಿಮ್ಮಲ್ಲೊಬ್ಬರು ಸಿಕ್ಕಿದ್ದರು. "ಮೇಷ್ಟ್ರೇ, ಮಗ ಎರಡನೇ ಕ್ಲಾಸು. ದಿನಾ ಬ್ಯಾಗು ತೆಗೆದು ನೋಡ್ತೀನಿ, ನೋಟ್‌ಬುಕ್ಕಲ್ಲಿ ಏನೂ ಇರಲ್ಲ. ಕೇಳಿದ್ರೆ ಆಟ ಆಡಿದ್ವಿ ಅಂತಾನೆ. ಏನಿದು ಕಥೆ?" ಅಂದರು. ಮುಖಕ್ಕೇ ಕೇಳಿದರಲ್ಲ, ನನಗೆ ಖುಷಿಯೇ ಆಯಿತು. ಉಳಿದ ಕೆಲವರು ನನ್ನನ್ನು ಕೇಳುವುದಿಲ್ಲ. ಪೇಟೆ ಶಾಲೆಯ ವ್ಯಾನು ನಮ್ಮೂರ ಕ್ರಾಸಿಗೆ ಎಷ್ಟು ಹೊತ್ತಿಗೆ ಬರುತ್ತೆ ಅಂತ ಬೇರೆಯವರನ್ನು ಕೇಳುತ್ತಾರೆ. ಅದೂ ನನ್ನ ಕಿವಿಗೆ ಬಿದ್ದೇ ಬೀಳುತ್ತದೆ, ಊರು ಅಷ್ಟು ಚಿಕ್ಕದು ಅಲ್ವಾ.

ನಮ್ಮದು ಐದನೇ ತರಗತಿವರೆಗಿನ ಶಾಲೆ. ಇಪ್ಪತ್ಮೂರು ಮಕ್ಕಳು, ಇಬ್ಬರು ಶಿಕ್ಷಕರು. ಒಂದು, ಎರಡು, ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ ಟೀಚರ್ ಜೊತೆ ಇರುತ್ತಾರೆ. ನಾಲ್ಕು, ಐದು ನನ್ನ ಹತ್ತಿರ. ಮೂರು ತರಗತಿ ಒಟ್ಟಿಗೆ ಕೂರಿಸುವುದು ಶಿಕ್ಷಕರ ಕೊರತೆಗೆ ಹೂಡಿದ ಉಪಾಯ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಶಿಕ್ಷಕರ ಕೊರತೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಇದು ನಲಿ-ಕಲಿ ಅನ್ನುವ ಕಲಿಸುವ ಪದ್ಧತಿ. 1995ರಲ್ಲಿ ಎಚ್.ಡಿ. ಕೋಟೆ ಕಡೆಯ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ಋಷಿ ವ್ಯಾಲಿಗೆ ಹೋಗಿ, ಅಲ್ಲಿನ ಸಣ್ಣ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದನ್ನು ನೋಡಿಕೊಂಡು ಬಂದು, ಯುನಿಸೆಫ್ ನೆರವಿನಿಂದ ನಮ್ಮ ಮಕ್ಕಳಿಗೆ ಹೊಂದುವ ಹಾಗೆ ಕಾರ್ಡು ಮಾಡಿಕೊಂಡು ಶುರು ಮಾಡಿದ್ದು. 2009-10ರಲ್ಲಿ ರಾಜ್ಯದ ಎಲ್ಲ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೂ ಬಂತು.

ನೋಟ್‌ಬುಕ್ ತುಂಬದಿರುವುದಕ್ಕೆ ಇದೇ ಕಾರಣ. ಗೋಡೆಯ ಮೇಲೆ ಕಲಿಕಾ ಏಣಿ ಇದೆ. ಒಂದೊಂದು ಮೆಟ್ಟಿಲಿಗೆ ಒಂದು ಕಾರ್ಡು. ಮಗು ಬೆಳಿಗ್ಗೆ ಬಂದು ತಾನು ನಿನ್ನೆ ಎಲ್ಲಿ ನಿಂತಿದ್ದೆ ಅಂತ ನೋಡಿ, ಆ ಕಾರ್ಡನ್ನು ತಾನೇ ತೆಗೆದುಕೊಂಡು, ಅದರಲ್ಲಿ ಯಾವ ತಟ್ಟೆಯ ಗುರುತಿದೆಯೋ ಆ ಗುಂಪಿಗೆ ಹೋಗಿ ಕೂರುತ್ತದೆ. ತಟ್ಟೆ ಅಂದರೆ ಊಟದ್ದಲ್ಲ, ಗುಂಪಿನ ಹೆಸರು. ಒಂದರಲ್ಲಿ ಟೀಚರ್ ಪೂರ್ತಿ ಹೇಳಿಕೊಡುತ್ತಾರೆ, ಇನ್ನೊಂದರಲ್ಲಿ ಅಷ್ಟಿಷ್ಟು, ಮತ್ತೊಂದರಲ್ಲಿ ಜೊತೆಯ ಮಕ್ಕಳೇ ಹೇಳಿಕೊಡುತ್ತಾರೆ, ಕೊನೆಯದರಲ್ಲಿ ಮಗು ಒಂದೇ ಕೂತು ಮಾಡುತ್ತದೆ. ಮೂರು ದಿನ ಜ್ವರ ಬಂದು ಮಲಗಿದ ಮಗು ವಾಪಸು ಬಂದಾಗ ಪಾಠ ಮುಂದೆ ಹೋಗಿಬಿಟ್ಟಿರುವುದಿಲ್ಲ. ಅದರ ಕಾರ್ಡು ಅಲ್ಲೇ ಕಾಯುತ್ತಿರುತ್ತದೆ.

"ಒಂದನೇ ಕ್ಲಾಸಿಗೆ ಅ ಆ ಇ ಈ ಯಾಕೆ ಹೇಳಿಕೊಡಲ್ಲ" ಅನ್ನುವ ಪ್ರಶ್ನೆ ಪ್ರತಿ ವರ್ಷವೂ ಬರುತ್ತದೆ. ಹೇಳಿಕೊಡುತ್ತೇವೆ, ಆದರೆ ಆ ಸಾಲಿನಲ್ಲಲ್ಲ. ಮೊದಲು ಬರುವುದು ಗ, ರ, ಸ, ದ, ಅ. ಬರೆಯುವುದು ಸುಲಭ, ಬಳಕೆ ಜಾಸ್ತಿ. ಒಂದು ಸಲ ನೀವೇ ಲೆಕ್ಕ ಹಾಕಿ ನೋಡಿ. ಅ ಇಂದ ಅಃ ವರೆಗೆ ತಿಂಗಳುಗಟ್ಟಲೆ ತಿದ್ದಿದ ಮಗು ಏನು ಓದೀತು? 'ಆ', 'ಈ' ಬಿಟ್ಟರೆ ಹೆಚ್ಚೇನಿಲ್ಲ. ಮಧ್ಯದಲ್ಲಿ ಋ ಬೇರೆ, ನಾನೇ ವಾರಕ್ಕೊಮ್ಮೆ ಬರೆಯುತ್ತೇನೋ ಇಲ್ಲವೋ. ಅದೇ ಈ ಐದು ಅಕ್ಷರ ಕಲಿತರೆ ಸರ, ರಸ, ಅರಸ, ಅಗಸ, ಗರಗಸ, ದಸರ ಇಷ್ಟೂ ಓದಬಹುದು. ಮೊನ್ನೆ ಒಂದನೇ ತರಗತಿಯ ಹುಡುಗಿಯೊಬ್ಬಳು ಅಕ್ಷರದ ಬಿಲ್ಲೆಗಳನ್ನು ನೆಲದ ಮೇಲೆ ಹರಡಿಕೊಂಡು ಸುಮ್ನೆ ಹಿಂದೆ ಮುಂದೆ ಮಾಡುತ್ತಿದ್ದಳು. 'ಸರಸರ' ಅಂತ ಜೋಡಿಸಿ, ಓದಿ, ತಾನೇ ಬೆಚ್ಚಿಬಿದ್ದವಳ ಹಾಗೆ ಸುತ್ತ ನೋಡಿದಳು. ಆಮೇಲೆ ಎದ್ದು ಕೋಣೆ ತುಂಬ ಸರಸರ ಸರಸರ ಅಂತ ಹಾವಿನ ಹಾಗೆ ಓಡಾಡಿದ್ದೇ ಓಡಾಡಿದ್ದು. ಆ ದಿನ ಅವಳ ನೋಟ್‌ಬುಕ್ಕಿನಲ್ಲಿ ಏನೂ ಇರಲಿಲ್ಲ, ನಿಜ.

ಇಂಗ್ಲಿಷ್ ಬಗ್ಗೆಯೂ ಕೇಳುತ್ತೀರಿ. 2007-08ರಿಂದಲೇ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಇದೆ, ನಮ್ಮಲ್ಲೂ ಇದೆ. ಮನೆಗೆ ನೆಂಟರು ಬಂದಾಗ ಮಗುವನ್ನು ನಡುಮನೆಯಲ್ಲಿ ನಿಲ್ಲಿಸಿ ಎಬಿಸಿಡಿ ಹೇಳಿಸಬೇಡಿ, ಅಷ್ಟೇ ನನ್ನ ಕೋರಿಕೆ.

ಇನ್ನು ನನ್ನದೇ ಒಂದು ಎಡವಟ್ಟು. ಮಕ್ಕಳು ಹೇಗೂ ಮನೆಯಲ್ಲಿ ಹೇಳಿರುತ್ತಾರೆ, ಸರಿಯಾಗಿ ನನ್ನಿಂದಲೇ ಕೇಳಿ. ಜೂನ್ ಕೊನೆಯಲ್ಲಿ ಮಳೆ ಅಳೆಯುವ ಸಾಧನ ಮಾಡಿದೆವು. ಎರಡು ಲೀಟರಿನ ಬಾಟಲಿ, ಮೇಲಿನ ಭಾಗ ಕತ್ತರಿಸಿ ತಲೆಕೆಳಗಾಗಿ ಕೂರಿಸಿದರೆ ಆಲಿಕೆ, ತಳದಲ್ಲಿ ಬೆಣಚುಕಲ್ಲು, ಕಲ್ಲು ಮುಳುಗುವಷ್ಟು ನೀರು ಹಾಕಿ ಅಲ್ಲಿಗೆ ಸೊನ್ನೆ ಗುರುತು, ಪಕ್ಕದಲ್ಲಿ ಸ್ಕೇಲು. ಎಲ್ಲಿಡುವುದು ಅನ್ನುವುದನ್ನು ಮಾತ್ರ ನಾನೇ ತೀರ್ಮಾನ ಮಾಡಿದೆ. ಓಡಾಡುವ ಮಕ್ಕಳ ಕಾಲಿಗೆ ಸಿಗಬಾರದು ಅಂತ ಮೆಟ್ಟಿಲ ಪಕ್ಕ, ಗೋಡೆಗೆ ಹತ್ತಿರ ಇಟ್ಟೆ. ದಿನಾ ಪ್ರಾರ್ಥನೆಗೆ ಮುಂಚೆ ಇಬ್ಬರು ಹೋಗಿ ಅಳೆದು ಹವಾಮಾನ ನಕ್ಷೆಯಲ್ಲಿ ಬರೆಯುತ್ತಿದ್ದರು. ಒಂದು ದಿನ 130 ಮಿಲಿಮೀಟರ್ ಬಂತು. ಭಾರೀ ಖುಷಿ. ಆಗುಂಬೆ ನಮ್ಮದೇ ತಾಲ್ಲೂಕು, ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ ಸುರಿಯುವ ಜಾಗ, ಅಂದರೆ ನಿಂತ ನೀರು ಏಳು ಮೀಟರ್, ನಮ್ಮ ಧ್ವಜಕಂಬವೂ ಮುಳುಗುತ್ತದೆ ಅಂತ ಐದನೇ ತರಗತಿಯವರು ಲೆಕ್ಕ ಹಾಕಿದರು. ಇನ್ನೇನು ನಾವೂ ಆಗುಂಬೆಯೇ ಅಂತ ತೀರ್ಮಾನವಾಯಿತು.

ಮಾರನೇ ದಿನ ಮೂರನೇ ತರಗತಿಯ ಹುಡುಗಿ ಬಂದು, "ಸಾರ್, ನಮ್ಮಜ್ಜನ ಮಳೆ ಮಾಪಕದಲ್ಲಿ ನಿನ್ನೆ ಎರಡೇ ಇಂಚು" ಅಂದಳು. ಅವಳ ಅಜ್ಜ ತೋಟಗಾರರು, ಎಷ್ಟೋ ವರ್ಷದಿಂದ ದಿನಾ ಇಂಚು, ಸೆಂಟುಗಳಲ್ಲಿ ಬರೆದಿಟ್ಟಿದ್ದಾರೆ (ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ). ಒಂದು ಇಂಚು 25.4 ಮಿಲಿಮೀಟರ್. ಎರಡು ಇಂಚು ಅಂದರೆ ಐವತ್ತೊಂದೂ ಆಗಲಿಲ್ಲ. ನಾನು ದೊಡ್ಡ ಮನುಷ್ಯನ ಹಾಗೆ, ಮಲೆನಾಡಲ್ಲಿ ಒಂದು ಗುಡ್ಡದಿಂದ ಇನ್ನೊಂದಕ್ಕೆ ಮಳೆ ಬೇರೆ ಇರುತ್ತಮ್ಮ ಅಂತ ಹೇಳಿ ಕಳಿಸಿದೆ. ಮಾತೇನೋ ಸುಳ್ಳಲ್ಲ. ಅವಳು ಮಾತ್ರ ಒಪ್ಪಲಿಲ್ಲ. ಮಧ್ಯಾಹ್ನ ಜೋರು ಮಳೆ ಬರುವಾಗ ಜಗುಲಿಯಲ್ಲಿ ಕೂತು ಬಾಟಲಿಯನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಬಂದು ನನ್ನ ಕೈ ಎಳೆದಳು. ಗಾಳಿ ಬೀಸಿದಾಗೆಲ್ಲ ಹೆಂಚಿನ ಸೂರಿನ ನೀರು ವಾಲಿಕೊಂಡು ಬಂದು ನೇರವಾಗಿ ನಮ್ಮ ಆಲಿಕೆಗೆ ಬೀಳುತ್ತಿತ್ತು! ಒಂಬತ್ತು ದಿನ ನಾವು ಅಳೆದದ್ದು ಮಳೆಯನ್ನಲ್ಲ, ಶಾಲೆಯ ಮಾಡನ್ನು.

ಬಾಟಲಿಯನ್ನು ಅಂಗಳದ ಮಧ್ಯೆ ಇಟ್ಟೆವು. ಎರಡನೇ ದಿನ ಯಾರದೋ ದನ ಉರುಳಿಸಿತು. (ಯಾರದು ಅಂತ ಗೊತ್ತು, ಬರೆಯುವುದಿಲ್ಲ, ದಯವಿಟ್ಟು ಕಟ್ಟಿಕೊಳ್ಳಿ.) ಸುತ್ತ ಗೂಟ ಹೊಡೆದ ಮೇಲೆ ಬಂದ ಮೊದಲ ಲೆಕ್ಕ 46 ಮಿಲಿಮೀಟರ್. ಅಜ್ಜನದು ಒಂದು ಇಂಚು ಎಂಬತ್ತು ಸೆಂಟು. ನಾಲ್ಕನೇ ತರಗತಿಯವರು ಬೋರ್ಡಿನ ಮೇಲೆ ಗುಣಿಸಿದಾಗ 45.72 ಬಂತು. ನಕ್ಷೆಯಲ್ಲಿದ್ದ ತಪ್ಪು ಒಂಬತ್ತು ದಿನವನ್ನು ಅಳಿಸಿಬಿಡೋಣ ಅಂದೆ. ಮಕ್ಕಳು ಬಿಡಲಿಲ್ಲ. ಪ್ರತಿ ಸಂಖ್ಯೆಯ ಮೇಲೆ ಕೆಂಪು ಗೀಟು ಹಾಕಿ ಪಕ್ಕದಲ್ಲಿ 'ಸೂರಿನ ನೀರು' ಅಂತ ಬರೆದಿದ್ದಾರೆ. ಶಾಲೆಗೆ ಬಂದಾಗ ನೋಡಿ, ನನ್ನ ಮರ್ಯಾದೆ ಗೋಡೆಯ ಮೇಲೇ ಇದೆ.

ದಿನದ ಲೆಕ್ಕ ನಿಜವಾಗಿ ಶುರುವಾಗುವುದು ಅಡುಗೆಮನೆಯಲ್ಲಿ. ಹಾಜರಿ ಕರೆದ ಮೇಲೆ ನಾಲ್ಕು, ಐದನೇ ತರಗತಿಯವರು ಸರದಿಯಲ್ಲಿ ಅಡುಗೆ ಅಕ್ಕನಿಗೆ ಚೀಟಿ ಬರೆದುಕೊಡುತ್ತಾರೆ. ಒಬ್ಬರಿಗೆ ಅಕ್ಕಿ 100 ಗ್ರಾಂ, ತರಕಾರಿ 50 ಗ್ರಾಂ, ಹಾಲಿನ ಪುಡಿ 18 ಗ್ರಾಂ, ಅದರಿಂದ 150 ಮಿಲಿಲೀಟರ್ ಹಾಲು. ಮೊನ್ನೆ ಹಾಜರಿದ್ದವರು ಹತ್ತೊಂಬತ್ತು. ಹಾಲಿನ ಪುಡಿ 342 ಗ್ರಾಂ ಅಂತ ಸರಿಯಾಗಿ ಬರೆದ ಹುಡುಗ ಅಕ್ಕಿಗೆ ಮಾತ್ರ 19 ಕೆಜಿ ಅಂತ ಬರೆದಿದ್ದ. ಅಕ್ಕ ಚೀಟಿ ಹಿಡಿದುಕೊಂಡು ಕ್ಲಾಸಿಗೇ ಬಂದರು. "ಏನೋ, ನಿನ್ನ ಮದುವೆ ಊಟನೂ ಇವತ್ತೇ ಮಾಡ್ಬಿಡ್ಲಾ?" ಅಂದರು. ದಶಾಂಶ ಬಿಂದುವನ್ನು ಆ ಹುಡುಗ ಇನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಇನ್ನೊಂದು ವಿಷಯ, ಇದನ್ನು ಸ್ವಲ್ಪ ಬೇಜಾರಿನಿಂದಲೇ ಬರೆಯುತ್ತಿದ್ದೇನೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಸಮಯ, ಮರ ಹತ್ತುವ ಕೊನೆಗೌಡರು ಸಿಗುವುದೇ ಕಷ್ಟ, ಸಿಕ್ಕಿದ ದಿನ ಮನೆಯವರೆಲ್ಲ ತೋಟದಲ್ಲೇ. ಅರ್ಥವಾಗುತ್ತದೆ. ಆದರೆ ಒಬ್ಬ ಹುಡುಗ ಎರಡು ದಿನ ರಜೆ ಮಾಡಿ ಬಂದಾಗ ಉಗುರಿನ ಸಂದಿಯೆಲ್ಲ ನೀಲಿಯಾಗಿತ್ತು. ಆ ಔಷಧಿ, ಅಂದರೆ ಬೋರ್ಡೋ ದ್ರಾವಣ, ಕಲಸಲು ಕೂತಿದ್ದನಂತೆ. ನೂರು ಲೀಟರಿಗೆ ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ಇನ್ನೂರರ ಡ್ರಮ್ಮಿಗೆ ಎರಡೆರಡು ಅಂತ ಪಟಪಟ ಹೇಳಿದ. ಸರಿ, ಅದನ್ನೇ ಹಿಡಿದುಕೊಂಡು ಎಪ್ಪತ್ತು ಲೀಟರಿಗೆ ಎಷ್ಟು, ಐವತ್ತಕ್ಕೆ ಎಷ್ಟು ಅಂತ ಇಡೀ ತರಗತಿಗೆ ಲೆಕ್ಕ ಮಾಡಿಸಿದೆ, ಪುಸ್ತಕದ ಲೆಕ್ಕಕ್ಕಿಂತ ಬೇಗ ಬಿಡಿಸಿದರು. ಆದರೂ ಹೇಳುತ್ತೇನೆ, ಮೈಲುತುತ್ತ ಮಕ್ಕಳ ಕೈಗೆ ಕೊಡಬೇಡಿ. ಅದು ಕಣ್ಣಿಗೆ ಹಾರಿದರೆ ಏನಾಗುತ್ತೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಲೆಕ್ಕ ನಾವು ಇಲ್ಲಿ ಮಾಡಿಸುತ್ತೇವೆ, ಅವರನ್ನು ಶಾಲೆಗೆ ಕಳಿಸಿ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಮಳೆ ರಜೆ ಸಿಕ್ಕಿದ ದಿನಗಳನ್ನು ತುಂಬಿಸಬೇಕು, ಹಾಗಾಗಿ ಮುಂದಿನ ಕೆಲವು ಶನಿವಾರ ಪೂರ್ತಿ ದಿನ ಶಾಲೆ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇದೆ, ಮಗು ಏನು ತಿನ್ನಬೇಕು ಅಂತ ಒಂದು ಸಾಲು ಬರೆದು ಕಳಿಸಿ, ದಿನಕ್ಕೊಂದು ಥರ ಹೇಳಬೇಡಿ. ಜಂತುಹುಳದ ಮಾತ್ರೆ ಕೊಡುವ ದಿನ ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಪ್ರತಿಭಾ ಕಾರಂಜಿಗೆ ನಮ್ಮಿಂದ ಕಂಠಪಾಠ, ಕಥೆ ಹೇಳುವುದು, ಛದ್ಮವೇಷ, ಮಣ್ಣಿನ ಮಾದರಿ ಇಷ್ಟಕ್ಕೆ ಮಕ್ಕಳು ಹೆಸರು ಕೊಟ್ಟಿದ್ದಾರೆ. ಛದ್ಮವೇಷಕ್ಕೆ ಶಿವಮೊಗ್ಗದಿಂದ ಬಾಡಿಗೆ ಡ್ರೆಸ್ ತರುವ ಯೋಚನೆ ಕೆಲವರಿಗಿದೆಯಂತೆ. ಬೇಡ. ಮನೆಯಲ್ಲಿರುವ ಕಂಬಳಿ ಕೊಪ್ಪೆ, ಮುಟ್ಟಾಳೆ ಸಾಕು. ಮಗು ತಾನು ಏನು ಹೇಳುತ್ತಿದ್ದೇನೆ ಅಂತ ತಿಳಿದು ಹೇಳಲಿ.

ಸಂಜೆ ಮಗು ಮನೆಗೆ ಬಂದಾಗ "ಏನು ಬರೆಸಿದ್ರು?" ಅನ್ನುವ ಬದಲು "ಇವತ್ತು ಯಾವ ಕಾರ್ಡು?" ಅಂತ ಕೇಳಿ ನೋಡಿ. ಚಿತ್ರವಿದ್ದರೆ ಚಿತ್ರ ಹೇಳುತ್ತದೆ, ಕಥೆಯಿದ್ದರೆ ಕಥೆ ಹೇಳುತ್ತದೆ. ಹೋಂವರ್ಕ್ ನೀವೇ ಮಾಡಿಕೊಡಬೇಡಿ. ಅಪ್ಪನ ಅಕ್ಷರ ಯಾವುದು ಮಗುವಿನ ಅಕ್ಷರ ಯಾವುದು ಅಂತ ಟೀಚರಿಗೆ ಗೊತ್ತಾಗುತ್ತದೆ. ನಂಬಿಕೆ ಬರದಿದ್ದರೆ ಯಾವ ದಿನ ಬೇಕಾದರೂ ಬಂದು ಹಿಂದೆ ಒಂದು ಗಂಟೆ ಕೂತು ನೋಡಿ, ಮೊದಲೇ ಹೇಳಬೇಕು ಅಂತಿಲ್ಲ. ಸೊಸೈಟಿ ಹತ್ತಿರ ಕೇಳಿದವರನ್ನು ಕರೆದಿದ್ದೇನೆ, ಸೋಮವಾರ ಬರುತ್ತೇನೆ ಅಂದಿದ್ದಾರೆ.

ಹದಿನೈದನೇ ತಾರೀಖು ಬೆಳಿಗ್ಗೆ ಎಂಟಕ್ಕೆ ಧ್ವಜಾರೋಹಣ. ಮಕ್ಕಳು ಬರಿಗಾಲಲ್ಲಿ ಗದ್ದೆ ಅಂಚಿನ ಮೇಲೆ ಬಂದರೆ ಇಂಬಳ (ಜಿಗಣೆ) ಹತ್ತುತ್ತವೆ, ಕಾಲಿಗೆ ಸುಣ್ಣ ಹೊಗೆಸೊಪ್ಪು ಸವರಿ ಕಳಿಸಿ. ಹಿಂದಿನ ದಿನ ಅಂಗಳದ ಪಾಚಿ ಕೆರೆಯಬೇಕು, ಇಬ್ಬರು ಮೂವರು ಹಾರೆ ಹಿಡಿದು ಬಂದರೆ ಒಂದು ಗಂಟೆಯ ಕೆಲಸ. ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿಯವರು) ಬಂದೇ ಬರುತ್ತಾರೆ, ಉಳಿದವರನ್ನೂ ಕರೆಯುತ್ತಿದ್ದೇನೆ. ಚಹಾ ಶಾಲೆಯದು.

ಇಂತಿ,
ನಿಮ್ಮ ಮುಖ್ಯ ಶಿಕ್ಷಕ

ಆಫೀಸ್ ಕೋಣೆಯಲ್ಲಿ ಮೂರು ಛತ್ರಿ ಉಳಿದಿವೆ. ಒಂದು ನೀಲಿ, ಒಂದು ಹೂವಿನದು, ಇನ್ನೊಂದು ಕಡ್ಡಿ ಮುರಿದ ದೊಡ್ಡವರ ಕಪ್ಪು ಛತ್ರಿ. ಮೂರನ್ನೂ ಯಾವ ಮಗುವೂ ತನ್ನದು ಅಂತ ಒಪ್ಪುತ್ತಿಲ್ಲ. ಮನೆಯಲ್ಲಿ ಒಂದು ಸಲ ಎಣಿಸಿ ನೋಡಿ.